ಕೋರ್ಟಿಗೆ ಜಾಗ ಬೇಕು, ಊರೊಳಗೇ ಬೇಕು

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಹಾಕಿಲ್ಲ. ಪತ್ರ ಉದ್ದವಿದೆ, ಸಾರ ಇಷ್ಟು:

"ನಮ್ಮೂರ ಕೋರ್ಟು ಬಸ್ ನಿಲ್ದಾಣದ ಹಿಂದಿನ ಹಳೆಯ ಕಲ್ಲಿನ ಕಟ್ಟಡದಲ್ಲಿದೆ. ಅಲ್ಲಿ ಜಾಗ ಸಾಲದೆಂದು ಊರಾಚೆಯ ಗೋಮಾಳದಲ್ಲಿ ಕೋಟಿಗಟ್ಟಲೆ ಸುರಿದು ಹೊಸ ಸಂಕೀರ್ಣ ಕಟ್ಟಲು ಹೊರಟಿದ್ದಾರೆ. ನಾನು ಪಾಠ ಮಾಡಿದ ಶಾಲೆಯ ಹೆಂಚು ಇನ್ನೂ ಸೋರುತ್ತಿದೆ. ಎಲ್ಲವೂ ಮೊಬೈಲಿನಲ್ಲೇ ಆಗುವ ಈ ಕಾಲದಲ್ಲಿ ಕೋರ್ಟಿಗೇಕೆ ಕಟ್ಟಡ? ಕೋರ್ಟು ದೊಡ್ಡದಾದಷ್ಟೂ ವ್ಯಾಜ್ಯ ಹೆಚ್ಚುತ್ತದೆ. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಈ ದುಂದುವೆಚ್ಚದ ವಿರುದ್ಧ ನೀವು ಬರೆಯಬೇಕು."

ಮೇಷ್ಟ್ರೇ, ನಮಸ್ಕಾರ. ನಿಮ್ಮ ಅಕ್ಷರ ನೋಡಿಯೇ ಖುಷಿಯಾಯಿತು. ಶಾಲೆಯ ಹೆಂಚಿನ ಮಾತು ಹೃದಯಕ್ಕೆ ತಾಗುವಂಥದ್ದು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಕೋರ್ಟಿನ ಕಟ್ಟಡ ದುಂದುವೆಚ್ಚ ಎಂಬ ಮಾತನ್ನು ನಾನು ಒಪ್ಪಲಾರೆ. ಶಾಲೆ ಸೋರುತ್ತಿದೆಯೆಂದು ಕೋರ್ಟೂ ಸೋರಲಿ ಎನ್ನುವುದು ನಿಮ್ಮಂಥವರ ಬಾಯಲ್ಲಿ ಬರಬಾರದ ಮಾತು.

ಮೊದಲು ಮೊಬೈಲಿನ ವಿಷಯ ಮುಗಿಸಿಬಿಡೋಣ. ಕಂಪ್ಯೂಟರಿನಿಂದ ಕೋರ್ಟಿಗೆ ಅನುಕೂಲವಾಗಿರುವುದು ನಿಜ. ಮುಂದಿನ ತಾರೀಖು ಯಾವತ್ತು ಎಂದು ತಿಳಿಯಲು ಈಗ ಯಾರೂ ಗುಮಾಸ್ತರ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಕೇರಳದ ಕೊಲ್ಲಂನಲ್ಲಿ ಚೆಕ್ ಬೌನ್ಸ್ ಪ್ರಕರಣಗಳಿಗಾಗಿಯೇ 2024ರ ನವೆಂಬರಿನಿಂದ ಆನ್‌ಲೈನ್ ಕೋರ್ಟು ನಡೆಯುತ್ತಿದೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ನಿಮ್ಮ ತಾಲ್ಲೂಕಿನ ಕೋರ್ಟಿಗೆ ಯಾರು ಬರುತ್ತಾರೆ ಎಂದು ಒಂದು ಬೆಳಿಗ್ಗೆ ಹೋಗಿ ನೋಡಿ. ಬದುವಿನ ಜಗಳದವರು, ಪಾಲು ಕೇಳುವ ಹೆಣ್ಣುಮಕ್ಕಳು, ಜೀವನಾಂಶಕ್ಕೆ ಅರ್ಜಿ ಹಾಕಿದವರು, ಅಪಘಾತದ ಪರಿಹಾರಕ್ಕೆ ಅಲೆಯುವವರು, ಜಾಮೀನು ಕೊಡಲು ಪಹಣಿ ಹಿಡಿದು ಬಂದ ಭಾವಮೈದ. ಸಾಕ್ಷಿ ಕಟ್ಟೆ ಹತ್ತಿ ಪಾಟಿ ಸವಾಲು ಎದುರಿಸುವವರನ್ನು ನ್ಯಾಯಾಧೀಶರು ಕಣ್ಣಾರೆ ನೋಡಬೇಕು. ಪರದೆಯಾಚೆ ಯಾರು ನಿಂತು ಹೇಳಿಕೊಡುತ್ತಿದ್ದಾರೆ ಎಂಬುದು ಮೊಬೈಲಿನಲ್ಲಿ ಕಾಣುವುದಿಲ್ಲ.

ನಾನು ಕಂಡದ್ದೊಂದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ನಮ್ಮ ಚಿಕ್ಕಮ್ಮನ ಪಾಲಿನ ದಾವೆಗೆ ಜೊತೆಯಾಗಿ ಹೋಗಿದ್ದೆ. ಕೂರಲು ಇದ್ದ ಒಂದೇ ಬೆಂಚಿನ ಮೇಲೆ ಕಡತದ ಗಂಟುಗಳು ಕೂತಿದ್ದವು, ಜನ ಮೆಟ್ಟಿಲ ಮೇಲಿದ್ದರು. ನಮ್ಮ ಪಕ್ಕದಲ್ಲಿ ಕೈಗೂಸು ಎತ್ತಿಕೊಂಡ ಹುಡುಗಿಯೊಬ್ಬಳು ಬೆಳಿಗ್ಗೆಯಿಂದ ಕಾದಿದ್ದಳು. ಜೀವನಾಂಶದ ಅರ್ಜಿ. ಆ ಆವರಣದಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಇದ್ದ ಒಂದಕ್ಕೆ ಬೀಗ ಹಾಕಿತ್ತು, ಬೀಗದ ಕೈ ಸಿಬ್ಬಂದಿಯ ಬಳಿ. ಮಗುವನ್ನು ನಮ್ಮ ಚಿಕ್ಕಮ್ಮನ ಮಡಿಲಿಗೆ ಕೊಟ್ಟು ಅವಳು ಬಸ್ ನಿಲ್ದಾಣಕ್ಕೆ ಓಡಿದಳು. ಅಷ್ಟರಲ್ಲಿ ದಲಾಯತ ಬಾಗಿಲಿಗೆ ಬಂದು ಅವಳ ಹೆಸರನ್ನು ಮೂರು ಸಲ ಕೂಗಿದ. ಚಿಕ್ಕಮ್ಮ ಮಗುವನ್ನೆತ್ತಿಕೊಂಡೇ ಒಳಗೆ ಹೋಗಿ "ಬರ್ತಾಳೆ ಸ್ವಾಮಿ, ಇಲ್ಲೇ ಹೋಗಿದಾಳೆ" ಅಂದರು. ಒಳಗಿನವರಿಗೆ ಈಕೆ ಯಾರೆಂದೇ ಗೊತ್ತಿಲ್ಲ. ಅರ್ಜಿದಾರರು ಗೈರು ಎಂದು ಬರೆದಾಯಿತು. ಮಧ್ಯಾಹ್ನ ವಕೀಲರು ಮತ್ತೆ ಕೂಗಿಸಿದರು. ಅಷ್ಟು ಹೊತ್ತಿಗೆ ಎದುರು ಪಾರ್ಟಿ ಹೊರಟುಹೋಗಿತ್ತು. ಮುಂದಿನ ತಾರೀಖು ಬಿತ್ತು. ಆ ಹುಡುಗಿ ತಪ್ಪಿಸಿಕೊಂಡದ್ದು ಕಾನೂನಿನ ಕಾರಣಕ್ಕಲ್ಲ, ನಾಲ್ಕಡಿ ಜಾಗದ ಕೋಣೆಯೊಂದು ಇಲ್ಲದ ಕಾರಣಕ್ಕೆ.

ಇದು ಒಂದೂರಿನ ಕಥೆ ಎನ್ನಬೇಡಿ. 2021ರ ಅಕ್ಟೋಬರಿನಲ್ಲಿ ಔರಂಗಾಬಾದಿನ ಹೈಕೋರ್ಟ್ ಪೀಠದ ಹೊಸ ಕಟ್ಟಡ ಉದ್ಘಾಟಿಸಿದಾಗ ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಪಕ್ಕದಲ್ಲಿ ಕಾನೂನು ಸಚಿವರನ್ನು ಇಟ್ಟುಕೊಂಡೇ ಲೆಕ್ಕ ಓದಿದರು. ದೇಶದ ಕೋರ್ಟು ಸಂಕೀರ್ಣಗಳಲ್ಲಿ ಶೇ 26ರಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿಲ್ಲ, ಶೇ 16ರಲ್ಲಿ ಗಂಡಸರಿಗೂ ಇಲ್ಲ. ಶುದ್ಧ ಕುಡಿಯುವ ನೀರು ಇರುವುದು ಶೇ 54ರಲ್ಲಿ ಮಾತ್ರ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪೇ ಕೊಡಬೇಕಾಯಿತು: ಎಲ್ಲ ಕೋರ್ಟುಗಳಲ್ಲೂ ಗಂಡಸರು, ಹೆಂಗಸರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರಿಗೆ ಬೇರೆಬೇರೆ ಶೌಚಾಲಯ ಇರಲೇಬೇಕು ಎಂದು. ಸ್ವತಂತ್ರ ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ, ದೇಶದ ಅತಿ ದೊಡ್ಡ ನ್ಯಾಯಾಲಯ ಇದನ್ನು ಆದೇಶ ಮಾಡಿ ಹೇಳಬೇಕಾಯಿತು.

ಇನ್ನು ಹಾಲ್‌ಗಳ ಲೆಕ್ಕ. 2023ರ ಕೊನೆಗೆ ಸುಪ್ರೀಂ ಕೋರ್ಟಿನ ಸಂಶೋಧನಾ ವಿಭಾಗ ಹೊರತಂದ ವರದಿಯ ಪ್ರಕಾರ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ಮಂಜೂರಾದ ನ್ಯಾಯಾಧೀಶರ ಹುದ್ದೆ 25,081, ಇರುವ ಕೋರ್ಟ್ ಹಾಲ್ 20,831. ಕೊರತೆ 4,250. ಸಾವಿರಾರು ಹುದ್ದೆ ಹೇಗೂ ಖಾಲಿ ಇವೆಯಲ್ಲ, ಇರುವವರಿಗೆ ಇಷ್ಟು ಹಾಲ್ ಸಾಕಲ್ಲ ಎಂದು ನಿಮ್ಮಂಥ ಲೆಕ್ಕದ ಮೇಷ್ಟ್ರು ಕೇಳಬಹುದು. ಆ ಖಾಲಿ ಹುದ್ದೆ ತುಂಬಿದ ದಿನ ಅವರನ್ನೆಲ್ಲಿ ಕೂರಿಸುತ್ತೀರಿ? ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಐದು ವರ್ಷದೊಳಗೆ ಅಲ್ಲಿಗೆ ಮುಟ್ಟಿಸಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2002ರಲ್ಲಿ. ಇವತ್ತಿಗೂ ಆ ಲೆಕ್ಕದ ಅರ್ಧದಷ್ಟಕ್ಕೂ ಬಂದಿಲ್ಲ. ಹುದ್ದೆ ಕೇಳಿದರೆ ಹಾಲ್ ಇಲ್ಲ ಅನ್ನುತ್ತಾರೆ, ಹಾಲ್ ಕೇಳಿದರೆ ಹುದ್ದೆ ತುಂಬಿಲ್ಲ ಅನ್ನುತ್ತಾರೆ. ಈ ಎರಡು ಮಾತಿನ ನಡುವೆ ಕಕ್ಷಿದಾರ ಮುದುಕನಾಗುತ್ತಾನೆ.

ನೀವು ಕಟ್ಟಡ ಎಂದಾಗ ಕಣ್ಮುಂದೆ ಬಂದದ್ದು ಬಹುಶಃ ನ್ಯಾಯಾಧೀಶರ ಪೀಠ, ವಕೀಲರ ಸಂಘದ ಕೊಠಡಿ. ನಾನು ಕೇಳುತ್ತಿರುವ ಜಾಗ ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಬಂದ ಪೋಕ್ಸೊ ಕಾಯಿದೆಯ 36ನೇ ಕಲಮು, ಸಾಕ್ಷಿ ಹೇಳುವಾಗ ಮಗು ಆರೋಪಿಯನ್ನು ಎದುರಿಸುವಂತಾಗಬಾರದು ಎನ್ನುತ್ತದೆ. ಒಂದೇ ವರಾಂಡ, ಒಂದೇ ಬಾಗಿಲು ಇರುವ ಕೋರ್ಟಿನಲ್ಲಿ ಇದನ್ನು ಪಾಲಿಸುವುದಾದರೂ ಹೇಗೆ? ಆರೋಪಿ ಮತ್ತು ಅವನ ಕಡೆಯವರು ಆ ಕಂಬಕ್ಕೆ ಒರಗಿ ನಿಂತಿರುತ್ತಾರೆ, ಮಗು ಅಮ್ಮನ ಸೆರಗು ಹಿಡಿದು ಈ ಕಂಬದ ಮರೆಯಲ್ಲಿ. ಒಳಗೆ ಹೋದ ಮೇಲೆ ಹಸಿರು ಪರದೆ ಎಳೆದು ಕಾಯಿದೆ ಪಾಲಿಸಿದೆವು ಎಂದರೆ ಆಯಿತೇ? ಇಂಥ ಸಾಕ್ಷಿಗಳಿಗೆಂದೇ ಪ್ರತ್ಯೇಕ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, 2022ರಲ್ಲಿ ಮತ್ತೆ ಹೇಳಿತು. ರಾಜಿ ಸಂಧಾನಕ್ಕೆ ಕಿವಿ ಬೀಳದ ಕೊಠಡಿ ಬೇಕು. ಉಚಿತ ಕಾನೂನು ನೆರವಿಗೆ ಮೇಜು ಹಾಕುವಷ್ಟಾದರೂ ಜಾಗ ಬೇಕು. ರೆಕಾರ್ಡ್ ರೂಮಿಗೆ ಬೇಕು, ನಕಲು ಶಾಖೆಗೆ ಬೇಕು. ನಿಮ್ಮ ಅಜ್ಜನ ಕಾಲದ ಡಿಕ್ರಿ ಗೆದ್ದಲ ಪಾಲಾದರೆ ಯಾವ ಮೊಬೈಲೂ ಅದನ್ನು ಹುಡುಕಿಕೊಡದು.

ಗೆದ್ದವ ಸೋತ, ಸೋತವ ಸತ್ತ. ನಮ್ಮ ತಂದೆಯವರೂ ಈ ಮಾತು ಹೇಳುತ್ತಿದ್ದರು. ಅದರಲ್ಲಿ ಅನುಭವ ಇದೆ, ಮನೆಮಠ ಕಳೆದುಕೊಂಡವರ ನೋವಿದೆ. ಆದರೆ ಮೇಷ್ಟ್ರೇ, ಊರಲ್ಲಿ ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತಾರೆ, ಗಮನಿಸಿದ್ದೀರಾ? ಪಾಲು ಕೇಳಿದ ತಂಗಿಗೆ ಅಣ್ಣ ಹೇಳುತ್ತಾನೆ. ಕೂಲಿ ಬಾಕಿ ಕೇಳಿದವನಿಗೆ ಜಮೀನುದಾರ ಹೇಳುತ್ತಾನೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಆದರೂ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರು ತಾವಾಗಿ ಕರೆದು ಕೊಟ್ಟರು? ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗಿಟ್ಟು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದೇ ಹೆಚ್ಚು. ಪಂಚಾಯ್ತಿ ಕಟ್ಟೆಯಲ್ಲಿ ಹೆಣ್ಣಿನ ಮಾತು ನಡೆಯದು ಎಂದೇ ಅವಳು ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ. ಕೋರ್ಟು ದೊಡ್ಡದಾದರೆ ವ್ಯಾಜ್ಯ ಹುಟ್ಟುವುದಿಲ್ಲ. ಮನೆಯೊಳಗೆ ಬಾಯಿ ಮುಚ್ಚಿಸಿಟ್ಟ ವ್ಯಾಜ್ಯ ಹೊರಗೆ ಬರುತ್ತದೆ, ಅಷ್ಟೆ. ಅದು ಬರಬೇಕಾದದ್ದೇ.

ಜಾಗದ ಕೊರತೆ ಇವತ್ತಿನದಲ್ಲ. ಬೆಂಗಳೂರಿನ ಟಿಪ್ಪು ಅರಮನೆಯಲ್ಲಿ ಬ್ರಿಟಿಷ್ ಕಮಿಷನರ ಕಾಲದ ಸರ್ಕಾರಿ ಕಚೇರಿಗಳು ಇಕ್ಕಟ್ಟಿನಲ್ಲಿ ನಡೆಯುತ್ತಿದ್ದವು. ಅಲ್ಲಿ ಸಾಲದಾದಾಗ ಕಟ್ಟಿದ್ದೇ ಅಠಾರ ಕಚೇರಿ. 1864ರಲ್ಲಿ ಶುರುವಾಗಿ 1868ರಲ್ಲಿ ಮುಗಿಯಿತು, ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1956ರಲ್ಲಿ ವಿಧಾನಸೌಧ ಮುಗಿದು ಸಚಿವಾಲಯ ಎದುರಿಗೆ ಹೋದ ಮೇಲೆ ಆ ಕೆಂಪು ಕಟ್ಟಡ ಹೈಕೋರ್ಟಿನದಾಯಿತು. ಮತ್ತೆ ಜಾಗ ಸಾಲದಾಯಿತು. 1982ರಲ್ಲಿ ಕೆಡವುವ ಪ್ರಸ್ತಾವವೇ ಬಂತು, ಜನ ಕೋರ್ಟಿಗೆ ಹೋದರು, ಅದೃಷ್ಟವಶಾತ್ ಕಟ್ಟಡ ಉಳಿಯಿತು. ಹಿಂದೆ ಹೊಸ ಕಟ್ಟಡಗಳನ್ನು ಸೇರಿಸಿದರು. ಆಮೇಲೆ ಕಬ್ಬನ್ ಪಾರ್ಕಿನ ಅಂಚಿನ ಹಳೆಯ ಚುನಾವಣಾ ಆಯೋಗದ ಕಟ್ಟಡದ ಜಾಗದಲ್ಲಿ ಏಳಂತಸ್ತು ಎಬ್ಬಿಸುವ ಯೋಜನೆ ಬಂದಾಗ ಪಾರ್ಕಿನಲ್ಲಿ ನಡೆಯುವವರು ಬೀದಿಗಿಳಿದರು. ಅವರ ಮರಗಳ ಕಾಳಜಿ ಸರಿಯಾದದ್ದೇ. ಸುಪ್ರೀಂ ಕೋರ್ಟೇ 1950ರಿಂದ 1958ರವರೆಗೆ ಸ್ವಂತ ಮನೆಯಿಲ್ಲದೆ ಸಂಸತ್ ಭವನದಲ್ಲಿ, ರಾಜಮಹಾರಾಜರ ಸಭೆಗೆಂದು ಕಟ್ಟಿದ್ದ ಹಾಲಿನಲ್ಲಿ ಕೂತು ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ಕೋರ್ಟಿನ ಇಕ್ಕಟ್ಟು ಎಂಟು ವರ್ಷಕ್ಕೆ ತೀರಿತು. ತಾಲ್ಲೂಕು ಕೋರ್ಟಿನದು ತೀರುವುದೇ ಇಲ್ಲ, ಏಕೆಂದರೆ ಅಲ್ಲಿ ಕಾಯುವವರಿಗೆ ದನಿಯಿಲ್ಲ.

ನಿಮ್ಮ ಪತ್ರದಲ್ಲಿ ನೀವು ಹಾಗೇ ದಾಟಿಸಿಬಿಟ್ಟ ಒಂದು ಮಾತಿದೆ: ಊರಾಚೆಯ ಗೋಮಾಳ. ನೀವು ಸಿಟ್ಟಾಗಬೇಕಿದ್ದದ್ದು ಅದರ ಮೇಲೆ. ಈಗಿನ ಕೋರ್ಟು ಬಸ್ ನಿಲ್ದಾಣದ ಹಿಂದಿದೆ ಎಂದಿರಿ. ಹಳ್ಳಿಯಿಂದ ಬಂದ ಅಜ್ಜಿ ಬಸ್ಸಿಳಿದು ನಡೆದೇ ಬರುತ್ತಾಳೆ. ನಾಲ್ಕು ಕಿಲೋಮೀಟರ್ ಆಚೆ ಹಾಕಿದರೆ ಆಟೋದವನಿಗೆ ಹೋಗಿ ಬರಲು ಎಷ್ಟು ತೆರಬೇಕು? ಛಾಪಾ ಕಾಗದ ಮಾರುವವನು, ಟೈಪು ಮಾಡುವವನು, ಜೆರಾಕ್ಸ್ ಅಂಗಡಿ, ಮೂವತ್ತು ರೂಪಾಯಿಗೆ ಊಟ ಹಾಕುವ ಖಾನಾವಳಿ, ಇವರೆಲ್ಲ ಜೊತೆಗೆ ಹೋಗುವುದಿಲ್ಲ. ಧಾರವಾಡ ಮತ್ತು ಕಲಬುರಗಿಯ ಹೈಕೋರ್ಟ್ ಪೀಠಗಳಿಗೆ ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ್ದು ದೂರದ ಕಾರಣಕ್ಕೇ. ಬೀದರಿನವನು ಒಂದು ರಿಟ್ ಹಾಕಲು 700 ಕಿ.ಮೀ. ಹತ್ತಿರ ಪ್ರಯಾಣ ಮಾಡಬೇಕಿತ್ತು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ದೊಡ್ಡ ಗೆಲುವು. ಆದರೂ ಧಾರವಾಡ ಪೀಠದ ಕಟ್ಟಡ ಊರಿನೊಳಗಿಲ್ಲ, ಬೇಲೂರು ಕೈಗಾರಿಕಾ ಪ್ರದೇಶದ ಬಳಿ ಹೆದ್ದಾರಿ ಪಕ್ಕದಲ್ಲಿದೆ. ಹುಬ್ಬಳ್ಳಿಯಲ್ಲಿ ಬೇರೆ ರೀತಿ ಮಾಡಿದರು. ನಗರದೊಳಗೇ, ವಿದ್ಯಾನಗರದ ಕಡೆ, ಸುಮಾರು 120 ಕೋಟಿ ಖರ್ಚಿನಲ್ಲಿ ಬಹುಮಹಡಿ ಸಂಕೀರ್ಣ ಕಟ್ಟಿದರು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಬಂದು ಉದ್ಘಾಟಿಸಿದರು. ಜಾಗ ಇಲ್ಲದಿದ್ದರೆ ಮೇಲಕ್ಕೆ ಕಟ್ಟಬಹುದು, ಲಿಫ್ಟ್ ಹಾಕಬಹುದು. ಮನಸ್ಸಿದ್ದರೆ ಊರೊಳಗೇ ಆಗುತ್ತದೆ.

ನಿಮ್ಮೂರಿನ ನಡುವೆ ಸರ್ಕಾರಿ ಜಾಗ ಇಲ್ಲವೆಂದು ಹೇಳಿರುತ್ತಾರೆ. ಹಳೇ ಸಂತೆ ಮೈದಾನ ಏನಾಯಿತು, ಕೇಳಿ ನೋಡಿ. ನಾನು ಓಡಾಡಿದ ಊರುಗಳಲ್ಲೆಲ್ಲ ಅದು ವಾಣಿಜ್ಯ ಮಳಿಗೆಯಾಗಿದೆ, ಅರ್ಧ ಮಳಿಗೆಗೆ ಬಾಡಿಗೆದಾರರೇ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ, ಮಂಡಿ ನೋವಿನ ಮುದುಕರನ್ನು ಕುರ್ಚಿ ಸಮೇತ ಹೊತ್ತು ಹತ್ತಿಸುವುದನ್ನು ನೀವೂ ನೋಡಿರುತ್ತೀರಿ. ಅದೇ ಊರಿನ ಪ್ರವೇಶದಲ್ಲಿ ಲಕ್ಷಗಟ್ಟಲೆ ಖರ್ಚಿನ ಸ್ವಾಗತ ಕಮಾನು ನಿಂತಿರುತ್ತದೆ. ದುಂದುವೆಚ್ಚದ ವಿರುದ್ಧ ಬರೆಯಿರಿ ಎಂದಿರಲ್ಲ, ಆ ಕಮಾನಿನ ವಿರುದ್ಧ ಬರೆಯುತ್ತೇನೆ, ಖಂಡಿತ. ನಿಮ್ಮ ಶಾಲೆಯ ಹೆಂಚಿನ ದುಡ್ಡು ಹೋದದ್ದು ಅಲ್ಲಿಗೆ. ಶಾಲೆ, ಆಸ್ಪತ್ರೆ, ಕೋರ್ಟು ಮೂರೂ ಬಡವನಿಗೆ ಬೇಕಾದವು. ಅವು ಒಂದರ ಅನ್ನಕ್ಕೆ ಇನ್ನೊಂದು ಕೈಹಾಕುವಂತೆ ಮಾಡಿಟ್ಟವರನ್ನು ಕೇಳುವ ಬದಲು ನಾವು ನಾವೇ ಜಗಳಕ್ಕೆ ನಿಲ್ಲುತ್ತಿದ್ದೇವೆ.

ನಿಮಗೆ ಬಿಡುವಿದೆ, ಊರಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ, ಅರ್ಧ ತಾಲ್ಲೂಕು ನಿಮ್ಮ ವಿದ್ಯಾರ್ಥಿಗಳೇ ಇರಬೇಕು. ಒಂದು ಕೆಲಸ ಮಾಡಿ. ಹೊಸ ಸಂಕೀರ್ಣದ ನಕ್ಷೆ ಲೋಕೋಪಯೋಗಿ ಇಲಾಖೆಯಲ್ಲಿ ಇರುತ್ತದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪ್ರತಿ ಕೇಳಿ. ಜನ ಕೂರುವ ಹಜಾರ ಎಷ್ಟು ದೊಡ್ಡದಿದೆ, ಹೆಂಗಸರ ಶೌಚಾಲಯ ನೆಲಮಹಡಿಯಲ್ಲಿದೆಯೇ, ಮಗುವಿಗೆ ಹಾಲೂಡಿಸಲು ಕೋಣೆ ಇದೆಯೇ, ಸಾಕ್ಷಿಗಳು ಬರುವ ಬಾಗಿಲು ಬೇರೆಯೇ, ನಕಲು ಶಾಖೆ ಎಷ್ಟನೇ ಮಹಡಿಯಲ್ಲಿದೆ, ನೋಡಿ ಗುರುತು ಹಾಕಿ. ವಕೀಲರ ಸಂಘದ ಅಧ್ಯಕ್ಷರನ್ನೂ ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನೂ ಕಂಡು, ಗೋಮಾಳದ ಬದಲು ಊರೊಳಗೆ ಯಾವ ಜಾಗ ಕೇಳಬಹುದೆಂದು ಮಾತಾಡಿ. ನಕ್ಷೆಯ ಒಂದು ಪ್ರತಿ ನಮಗೂ ಕಳಿಸಿ, ನಿಮ್ಮ ಗುರುತುಗಳ ಸಮೇತ ಅಚ್ಚು ಹಾಕುತ್ತೇವೆ. ಶಾಲೆಯ ಮಾಡಿನ ಫೋಟೋವನ್ನೂ ಅದೇ ಲಕೋಟೆಯಲ್ಲಿಡಿ.

-ಸಂ.