ಮೋಟಾರ್ ಆನ್ ಆದ ಕೂಡಲೇ ಬೋರ್ಡ್ ರೀಸೆಟ್: ಹೊಸ ಬೋರ್ಡ್ ತರುವ ಮೊದಲು ವೈರ್ ನೋಡ್ರಿ

ಇಂಡಿ ಅಣ್ಣಾರೆ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಲಿಂಬೆ ತೋಟದ ಡ್ರಿಪ್‌ಗೆ ಗೊಬ್ಬರದ ನೀರು ಬಿಡೋಕೆ ಹಳೆ ಸ್ಪ್ರೇಯರ್‌ನ 12 ವೋಲ್ಟ್ ಮೋಟಾರ್, ಅದರದ್ದೇ ಬ್ಯಾಟರಿ, ಒಂದು ಇಎಸ್‌ಪಿ32 ಕಂಟ್ರೋಲರ್ ಬೋರ್ಡ್, ಅದು ಹೇಳಿದಂತೆ ಮೋಟಾರ್ ಆನ್-ಆಫ್ ಮಾಡುವ ಒಂದು ರಿಲೇ. ಬ್ಯಾಟರಿ ಶೆಡ್‌ನಲ್ಲಿದೆ, ಉಳಿದದ್ದೆಲ್ಲ 20 ಮೀಟರ್ ದೂರ, ಟ್ಯಾಂಕ್ ಹತ್ತಿರ. ಮೋಟಾರ್ ಆನ್ ಆದ್ರೆ ಬೋರ್ಡ್ ರೀಸೆಟ್, ರಿಲೇ ಟಿಕ್ ಟಿಕ್ ಅಂತ ಬಡಿದುಕೊಳ್ಳುತ್ತೆ. ಬೋರ್ಡ್ ಬದಲಿಸಿದರೂ ಅದೇ ಹಾಡು. ಮೇಲೆ ಯಾರೋ ಇನ್ನೊಂದು ಬೋರ್ಡ್ ತನ್ನಿ ಅಂದಿದ್ದಾರಲ್ಲ, ತರಬೇಡಿ. ಸುಮ್ನೆ ದುಡ್ಡು ದಂಡ.

ಆ ಟಿಕ್ ಟಿಕ್ ಸದ್ದೇ ಅರ್ಧ ಉತ್ತರ ಹೇಳ್ತಿದೆ. ರಿಲೇ ಎಳೆಯುತ್ತೆ, ಮೋಟಾರ್ ಕರೆಂಟ್ ಜಗ್ಗುತ್ತೆ, ವೋಲ್ಟೇಜ್ ಬೀಳುತ್ತೆ, ಬೋರ್ಡ್ ಸಾಯುತ್ತೆ. ಬೋರ್ಡ್ ಸತ್ತರೆ ರಿಲೇ ಬಿಡುತ್ತೆ, ಮೋಟಾರ್ ನಿಲ್ಲುತ್ತೆ, ವೋಲ್ಟೇಜ್ ಮತ್ತೆ ಏರುತ್ತೆ, ಬೋರ್ಡ್ ಎದ್ದು ನಿಮ್ಮ ಕೋಡ್ ಪ್ರಕಾರ ಮತ್ತೆ ರಿಲೇ ಎಳೆಯುತ್ತೆ. ಕೋಡ್ ತಪ್ಪಿಲ್ಲ.

ಈಗ ಲೆಕ್ಕ ನೋಡ್ರಿ. ಒಂದು ಎಂಎಂ (ಅಂದ್ರೆ ಚದರ ಎಂಎಂ) ತಾಮ್ರದ ವೈರ್ ಅಂದ್ಕೊಳ್ಳೋಣ. ಹೋಗಿ ಬರೋದು ಸೇರಿ 40 ಮೀಟರ್, ರೆಸಿಸ್ಟೆನ್ಸ್ ಸುಮಾರು 0.7 ಓಮ್. ಮೋಟಾರ್ ಓಡ್ತಿರುವಾಗ 3 ಆಂಪಿಯರ್ ಎಳೆದರೆ 2 ವೋಲ್ಟ್ ವೈರಿನಲ್ಲೇ ಹೋಯ್ತು, ಅದು ಪರವಾಗಿಲ್ಲ. ಆದರೆ ನಿಂತ ಮೋಟಾರ್ ಏಳುವಾಗ ಇದರ ಹಲವು ಪಟ್ಟು ಎಳೆಯುತ್ತೆ. 8 ಆಂಪಿಯರ್ ಅಂತ ಹಿಡಿದರೂ ಐದೂವರೆ ವೋಲ್ಟ್ ದಾರಿಯಲ್ಲೇ ಮಾಯ. ಟ್ಯಾಂಕ್ ಹತ್ತಿರ ಉಳಿಯೋದು ಆರು ಚಿಲ್ಲರೆ. ಹಳೆ ಬ್ಯಾಟರಿ ತಾನೂ ಒಂದೆರಡು ವೋಲ್ಟ್ ಕುಸಿದರೆ 12 ವೋಲ್ಟನ್ನು 5ಕ್ಕೆ ಇಳಿಸುವ ನಿಮ್ಮ ಎಲ್‌ಎಂ2596 ಮಾಡ್ಯೂಲ್ ಆ 5 ವೋಲ್ಟ್ ಎಲ್ಲಿಂದ ಕೊಡಬೇಕು? ಡ್ರಿಪ್‌ನ ಒಂದೇ ಲ್ಯಾಟರಲ್ ಪೈಪಿನ ಮೊದಲ ತೂತು ದೊಡ್ಡದಾದರೆ ಕೊನೆ ಗಿಡಕ್ಕೆ ನೀರು ಹೋಗಲ್ಲ ಅಲ್ವಾ, ಹಾಗೇ ಇದು.

ಮೀಟರ್‌ನಲ್ಲಿ 12.4 ತೋರಿಸ್ತಿದೆ ಅಂತ ಬರೆದಿದ್ದೀರಿ. ಅದು ಮೋಟಾರ್ ನಿಂತಾಗಿನ ಮಾತು. ಸಾದಾ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆಯುತ್ತೆ, ಈ ಕುಸಿತ ಅದರ ಕಣ್ಣಿಗೇ ಬೀಳಲ್ಲ. ಅದಕ್ಕೆ ಹೀಗೆ ಮಾಡಿ: ಬೋರ್ಡ್ ಮತ್ತು ರಿಲೇ ಮಾಡ್ಯೂಲ್ ಎರಡಕ್ಕೂ ಮೊಬೈಲ್ ಪವರ್ ಬ್ಯಾಂಕ್‌ನಿಂದ 5 ವೋಲ್ಟ್ ಕೊಡಿ. ಮೋಟಾರ್ ಮಾತ್ರ ಬ್ಯಾಟರಿ ಮೇಲಿರಲಿ. ರಿಲೇ ಕಾಂಟ್ಯಾಕ್ಟ್ ಬೇರೆಯೇ ಇರೋದ್ರಿಂದ ಎರಡರ ಗ್ರೌಂಡ್ ಸೇರಿಸೋದು ಬೇಡ. ರೀಸೆಟ್ ನಿಂತರೆ ವೋಲ್ಟೇಜ್ ಕುಸಿತವೇ ಕಾರಣ. ನಿಲ್ಲದಿದ್ದರೆ, ಅದರಲ್ಲೂ ಮೋಟಾರ್ ಆಫ್ ಆಗುವಾಗ ರೀಸೆಟ್ ಆಗ್ತಿದ್ದರೆ, ಮೋಟಾರ್ ವಾಪಸ್ ಒದೆಯುವ ಸ್ಪೈಕ್, ಅಂದ್ರೆ ಕ್ಷಣಮಾತ್ರ ಜಿಗಿಯುವ ವೋಲ್ಟೇಜ್, ಕಾರಣ. ಕೆಲವು ಪವರ್ ಬ್ಯಾಂಕ್ ಲೋಡ್ ಕಡಿಮೆ ಅಂತ ತಾನೇ ಆಫ್ ಆಗುತ್ತವೆ, ಅದನ್ನ ನೋಡಿ ಗಾಬರಿ ಆಗಬೇಡಿ.

ನನ್ನ ಪ್ರಕಾರ ನಿಮ್ಮದು ಕುಸಿತವೇ. ಬ್ಯಾಟರಿಯನ್ನೇ ಟ್ಯಾಂಕ್ ಹತ್ತಿರ ನೆರಳಿಗೆ ತಂದಿಟ್ಟರೆ ಅರ್ಧ ತಲೆನೋವು ಮುಗೀತು. ಆಗಲ್ಲ ಅಂದ್ರೆ ಮೋಟಾರ್‌ಗೆ ಎರಡೂವರೆ ಎಂಎಂ ವೈರ್ ಎಳೀರಿ, ಬೋರ್ಡ್‌ಗೆ ಬೇರೆ ಸಣ್ಣ ಜೋಡಿ ವೈರ್ ಬ್ಯಾಟರಿ ಟರ್ಮಿನಲ್‌ನಿಂದಲೇ ಹೊರಡಲಿ. ಅದರ ಜೊತೆ ಒಂದು ಕೆಲಸ ತಪ್ಪದೇ ಮಾಡಿ: ಎಲ್‌ಎಂ2596ಗೆ ಹೋಗುವ ಪ್ಲಸ್ ವೈರಿಗೆ ಒಂದು 1ಎನ್5822 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಹಾಕಿ, ಬಿಳಿ ಗೆರೆ ಮಾಡ್ಯೂಲ್ ಕಡೆಗೆ. ಡಯೋಡ್ ದಾಟಿದ ಮೇಲೆ ಪ್ಲಸ್‌ಗೂ ಗ್ರೌಂಡ್‌ಗೂ ನಡುವೆ 2200 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್. ಮೋಟಾರ್ ಏಳುವಾಗ ಲೈನ್ ಬಿದ್ದರೂ ಕೆಪಾಸಿಟರ್ ಚಾರ್ಜ್ ಹಿಂದಕ್ಕೆ ಮೋಟಾರ್ ಕಡೆ ಓಡೋಕೆ ಡಯೋಡ್ ಬಿಡಲ್ಲ, ಸೆಕೆಂಡಿನ ಹತ್ತನೇ ಭಾಗದಷ್ಟು ಹೊತ್ತು ಬೋರ್ಡ್ ಅದರ ಮೇಲೇ ಬದುಕುತ್ತೆ. ಸಣ್ಣ ಮೋಟಾರ್ ಏಳೋಕೆ ಸಾಮಾನ್ಯವಾಗಿ ಅಷ್ಟು ಸಾಕು. ಕೆಪಾಸಿಟರ್ ಮೇಲೆ 105 ಡಿಗ್ರಿ ಅಂತ ಇರೋದನ್ನೇ ಕೇಳಿ ತಗೊಳ್ಳಿ, ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಡಬ್ಬಿ ಒಳಗೆ 85ರದ್ದು ಬೇಗ ಸೋಲುತ್ತೆ.

ಸ್ಪೈಕ್‌ಗೆ ಮೋಟಾರ್ ಟರ್ಮಿನಲ್ ಮೇಲೇ ಒಂದು 1ಎನ್4007 ಡಯೋಡ್, ಗೆರೆ ಪ್ಲಸ್ ಕಡೆ. ಉಲ್ಟಾ ಹಾಕಿದರೆ ನೇರ ಶಾರ್ಟ್, ಹುಷಾರ್. ಬ್ರಷ್ ಕಿಡಿಗೆ 104 ಅಂತ ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಅಲ್ಲೇ ಬೆಸುಗೆ ಹಾಕಿ. ಬ್ಯಾಟರಿ ಪ್ಲಸ್‌ನಲ್ಲಿ ಬೈಕಿನ 10 ಆಂಪಿಯರ್ ಫ್ಯೂಸ್ ಕೂಡ ಇರಲಿ.

ನಿಮ್ಮ ಫೋಟೋದಲ್ಲಿ ಇನ್ನೊಂದು ಕಂಡೆ. ಮೋಟಾರ್ ಕರೆಂಟ್ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ಹಲಗೆ) ಮೂಲಕ, ಕೂದಲಿನಂಥ ಜಂಪರ್ ವೈರ್‌ನಲ್ಲಿ ಹೋಗ್ತಿದೆ. ಅದನ್ನ ಇವತ್ತೇ ತೆಗೀರಿ. ಟ್ಯಾಂಕ್ ಹತ್ತಿರದ ಜಾಯಿಂಟ್‌ನ ಟೇಪ್ ಬಿಚ್ಚಿ ನೋಡಿ. ತಾಮ್ರ ಹಸಿರಾಗಿದ್ದರೆ ಅದು ಗೊಬ್ಬರದ ನೀರು ತಾಗಿದ್ದು. ಅಷ್ಟು ಕತ್ತರಿಸಿ ಹೊಸದಾಗಿ ಸ್ಕ್ರೂ ಕನೆಕ್ಟರ್ ಹಾಕಿ.

ವೋಲ್ಟೇಜ್ ಬಿದ್ದಾಗ ಬೋರ್ಡನ್ನು ರೀಸೆಟ್ ಮಾಡುವ ಬ್ರೌನ್‌ಔಟ್ ಡಿಟೆಕ್ಟರನ್ನೇ ಬಂದ್ ಮಾಡುವ ಒಂದು ಸಾಲಿನ ಕೋಡ್ ವಿಡಿಯೋಗಳಲ್ಲಿ ಸಿಗುತ್ತೆ. ಅದಕ್ಕೆ ಕೈ ಹಾಕಬೇಡಿ. ವೋಲ್ಟೇಜ್ ಬಿದ್ದದ್ದು ಬಿದ್ದೇ ಇರುತ್ತೆ, ಬೋರ್ಡ್ ರೀಸೆಟ್ ಆಗೋ ಬದಲು ಹುಚ್ಚುಹುಚ್ಚಾಗಿ ನಡೆಯುತ್ತೆ. ರಿಲೇ ಆನ್ ಆಗಿಯೇ ಹ್ಯಾಂಗ್ ಆದರೆ ರಾತ್ರಿಯೆಲ್ಲ ಗೊಬ್ಬರ ಹರಿಯುತ್ತೆ.

ಪವರ್ ಬ್ಯಾಂಕ್ ಟೆಸ್ಟ್ ಏನಾಯ್ತು, ಮೋಟಾರ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಮೇಲೆ ಎಷ್ಟು ವೋಲ್ಟ್ ಬಂತು, ಎರಡನ್ನೂ ಇಲ್ಲೇ ಹಾಕ್ರಿ. 11ಕ್ಕಿಂತ ಕೆಳಗಿದ್ದರೆ ವೈರ್‌ಗೆ ಮೊದಲು ಬ್ಯಾಟರಿ ಬದಲಿಸಬೇಕಾಗುತ್ತೆ.