ಕಾಲೇಜಿಗೆ ಇಂಟರ್ನೆಟ್ ಕಂಪನಿಯಿಂದ ಎಷ್ಟು ಪಬ್ಲಿಕ್ ಐಪಿ (ಹೊರಗಿನ ಇಂಟರ್ನೆಟ್‌ಗೆ ಕಾಣುವ ವಿಳಾಸ) ತಗೋಬೇಕು: 32 ಸಾಕಾ, 64 ಬೇಕಾ?

ಇದೇ 32, 64ರ ಲೆಕ್ಕದಲ್ಲಿ ನಾನೂ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. 2014ರಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಲೀಸ್ಡ್ ಲೈನ್ ಕಂಪನಿಯವರು 64 ಐಪಿ ಪುಕ್ಕಟೆ ಅಂದರು. ಪುಕ್ಕಟೆ ಅಂದಮೇಲೆ ಇನ್ನೇನು, ತಗೊಂಡೆ.

ನಾಲ್ಕು ವರ್ಷ ಆದಮೇಲೆ ಇನ್ನೊಂದು ಕಂಪನಿ ಅರ್ಧ ರೇಟಿಗೆ ಲೈನ್ ಕೊಡಲು ಬಂತು. ಆಡಳಿತ ಮಂಡಳಿ ಕೂಡಲೇ ಒಪ್ಪಿತು. ಹಳೆಯವರಿಗೆ ಫೋನ್ ಮಾಡಿ, "ನಮ್ಮ ಐಪಿ ಹೊಸ ಲೈನಿಗೆ ಹಾಕಿಕೊಳ್ತೀವಿ" ಅಂದೆ. ಆ ಕಡೆಯ ಹುಡುಗ ನಕ್ಕುಬಿಟ್ಟ. "ಅದು ನಿಮ್ಮದಲ್ಲ ಸರ್, ನಮ್ಮದು."

ಬಿಲ್ಲಿನಲ್ಲಿ ನಮ್ಮ ಹೆಸರಿನ ಪಕ್ಕ ಇತ್ತು ಅಂತ ನಮ್ಮದೇ ಅಂದುಕೊಂಡಿದ್ದೆ. ಅದೇ ತಪ್ಪು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಬಾಡಿಗೆ ಮನೆಯ ವಿಳಾಸವನ್ನು ಊರಿಗೆಲ್ಲಾ ಹಂಚಿದ್ದೆ. ಲೈಬ್ರರಿಯ ಇ-ಜರ್ನಲ್‌ನವರು ಐಪಿ ನೋಡಿಯೇ ಒಳಗೆ ಬಿಡೋದು. ಫೀ ಕಟ್ಟುವ ಪೇಮೆಂಟ್ ಗೇಟ್‌ವೇಯಲ್ಲೂ ಹಳೇ ಐಪಿಯೇ ವೈಟ್‌ಲಿಸ್ಟ್. ಹಾಸ್ಟೆಲ್ ಕ್ಯಾಮೆರಾದಲ್ಲೂ ಅದೇ. ವೆಬ್‌ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಟಿಟಿಎಲ್, ಅಂದರೆ ಹಳೇ ಉತ್ತರವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ, 86400 ಸೆಕೆಂಡು, ಪೂರ್ತಿ ಒಂದು ದಿನ. ಮೊದಲೇ ಇಳಿಸಬೇಕಿತ್ತು, ಇಳಿಸಲಿಲ್ಲ. ಅಡ್ಮಿಶನ್ ಸಮಯ ಬೇರೆ. ಫೀ ಕೌಂಟರ್ ಮುಂದೆ ಅಪ್ಪ-ಅಮ್ಮಂದಿರ ಕ್ಯೂ, ಒಳಗೆ ನಾನು ಬೆವರುತ್ತಾ. ಕೊನೆಯ ಜರ್ನಲ್ ತೆರೆಯಲು ಒಂದೂವರೆ ತಿಂಗಳು ಹಿಡಿಯಿತು. ಪಿಎಚ್‌ಡಿ ಮಾಡುತ್ತಿದ್ದ ಒಬ್ಬಳು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಆ ಹುಡುಗ ಕೊಡ್ತೀನಿ ಅಂದಿದ್ದರೂ ಉಪಯೋಗ ಇರಲಿಲ್ಲ ಬಿಡಿ. ಸ್ಲಾಶ್ 24, ಅಂದರೆ 256 ಐಪಿಗಿಂತ ಚಿಕ್ಕ ತುಂಡನ್ನು ಹೊರಗಿನ ರೂಟರ್‌ಗಳು ಸಾಮಾನ್ಯವಾಗಿ ತಗೊಳ್ಳೋದೇ ಇಲ್ಲ.

ಅದಕ್ಕೇ ಹೇಳೋದು, ಕಂಪನಿಯ ಹತ್ತಿರ ಎಷ್ಟು ಕೇಳಲಿ ಅನ್ನೋದನ್ನು ಬಿಡಿ. ನೇರವಾಗಿ ಐಆರ್‌ಐಎನ್‌ಎನ್‌ಗೆ ಅರ್ಜಿ ಹಾಕಿ, ಕಂಪನಿ ಬದಲಿಸಿದರೂ ಆ ಐಪಿ ನಿಮ್ಮ ಹತ್ತಿರವೇ ಉಳಿಯುತ್ತದೆ. ನಮ್ಮ ದೇಶದಲ್ಲಿ ಐಪಿ ಹಂಚೋದು ಅವರೇ, 2012ರಿಂದ ನಿಕ್ಸಿಯ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಕೆಳಗೆ ನಡೆಯುತ್ತಿದೆ. ಏಷ್ಯಾ-ಪೆಸಿಫಿಕ್‌ನ ಐಪಿ ಹಂಚುವ ಸಂಸ್ಥೆ ಏಪಿನಿಕ್ ಕೈಯಲ್ಲಿ ಐಪಿವಿ4, ಅಂದರೆ ಹಳೇ ಮಾದರಿಯ ಐಪಿ, ಕಡಿಮೆಯಾಗಿ, 2011ರ ಏಪ್ರಿಲ್‌ನಿಂದ ರೇಷನ್ ಶುರುವಾಯಿತು. 2019ರಿಂದ ಹೊಸಬರಿಗೆ ಜಾಸ್ತಿ ಅಂದರೆ 512. ನಿಮಗೆ 256 ಸಾಕು. ಜೊತೆಗೆ ಐಪಿವಿ6ನಲ್ಲಿ (ಹೊಸ ಮಾದರಿಯ ಐಪಿ) ಸ್ಲಾಶ್ 48 ಅನ್ನೋ ತುಂಡು ತಗೊಳ್ಳಿ, ಅದರಲ್ಲಿ 65,536 ಸಬ್‌ನೆಟ್, ಅಂದರೆ ಒಳಗಿನ ಚಿಕ್ಕ ನೆಟ್‌ವರ್ಕ್, ಆಗುತ್ತದೆ. ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ನಿಮ್ಮ ನೆಟ್‌ವರ್ಕಿನ ಸ್ವಂತ ಗುರುತಿನ ಸಂಖ್ಯೆ) ತಗೊಂಡು ಎರಡು ಕಂಪನಿಗಳ ಲೈನ್ ಹಾಕಿಸಿ. ವರ್ಷ ವರ್ಷ ಫೀಸ್ ಕಟ್ಟಬೇಕು, ಅಕೌಂಟ್ಸ್‌ನವರು ಗೊಣಗುತ್ತಾರೆ, ಗೊಣಗಲಿ. ಲ್ಯಾಬು, ಹಾಸ್ಟೆಲ್ ಎಲ್ಲ ನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನು ಹಲವು ಕಂಪ್ಯೂಟರ್ ಹಂಚಿಕೊಳ್ಳುವ ವ್ಯವಸ್ಥೆ) ಹಿಂದೆಯೇ ಇರಲಿ.

ಇನ್ನು 64 ಬೇಕಾ ಅಂದಿರಲ್ವಾ? ಆ ಒಂದೂವರೆ ತಿಂಗಳಲ್ಲಿ ಎಣಿಸಿ ನೋಡಿದೆ. ನಾವು ಬಳಸುತ್ತಿದ್ದದ್ದು 19.