"ಹೆಡರ್ ಹಾಕಿದ್ದೀನಿ, ಕಾಣಲ್ವಾ?"

ಪ್ರಶ್ನೆ: ನಮ್ಮದು ಹಳೇ ವಿದ್ಯಾರ್ಥಿಗಳ ಇಮೇಲ್ ಪಟ್ಟಿ. ಪಟ್ಟಿಯ ವಿಳಾಸಕ್ಕೆ ಬಂದ ಮೇಲನ್ನು ಎಲ್ಲ ಸದಸ್ಯರಿಗೂ ಕಳಿಸೋ ಮೇಲ್‌ಮ್ಯಾನ್ ಅನ್ನೋ ತಂತ್ರಾಂಶದಲ್ಲಿ ನಡೆಯುತ್ತದೆ, ಉಸ್ತುವಾರಿ ನನ್ನದು. ಹಿರಿಯರೊಬ್ಬರು ತಮ್ಮ ಪ್ರತಿ ಮೇಲ್‌ಗೂ 'ಮೇಲ್-ಫಾಲೋಅಪ್-ಟು' ಅನ್ನೋ ಹೆಡರ್, ಅಂದರೆ ಮೇಲ್‌ನ ತಲೆಭಾಗದ ಸೂಚನೆಯ ಸಾಲು, ಸೇರಿಸುತ್ತಾರೆ. ಉತ್ತರ ಪಟ್ಟಿಗೆ ಬಂದರೆ ಸಾಕು, ನನಗೆ ಬೇರೆ ಪ್ರತಿ ಬೇಡ ಅಂತ ಅದರ ಅರ್ಥ. ಮೊನ್ನೆ ಮಂಡ್ಯದ ಹುಡುಗಿಯೊಬ್ಬಳು, ಈ ಸಲದ ಊಟಕ್ಕೆ ಎಷ್ಟು ಎಲೆ ಹೇಳೋಣ ಸರ್ ಅಂತ ಕೇಳಿ 'ರಿಪ್ಲೈ ಆಲ್' ಒತ್ತಿದಳು. ಆ ಹಿರಿಯರಿಗೆ ನೇರವಾಗಿ ಒಂದು, ಪಟ್ಟಿಯಿಂದ ಒಂದು, ಹೀಗೆ ಎರಡು ಪ್ರತಿ ಹೋಯಿತು. "ಹೆಡರ್ ಹಾಕಿದ್ದೀನಿ, ಕಾಣಲ್ವಾ?" ಅಂತ ಎಲ್ಲರೆದುರು ರೇಗಿದರು. ಅವಳೀಗ ಪಟ್ಟಿ ಬಿಡ್ತೀನಿ ಅಂತಿದ್ದಾಳೆ. 'ರಿಪ್ಲೈ' ಒತ್ತಿದಾಗ ಉತ್ತರ ಎಲ್ಲಿಗೆ ಹೋಗಬೇಕು ಅಂತ ಹೇಳೋದು 'ರಿಪ್ಲೈ-ಟು' ಹೆಡರ್; ಉತ್ತರಗಳೆಲ್ಲ ತಾವಾಗೇ ಪಟ್ಟಿಗೆ ಹೋಗೋ ಹಾಗೆ ಅದನ್ನು ಬದಲಾಯಿಸಿ ಅಂತ ಕೆಲವರ ಒತ್ತಾಯ. ಏನು ಮಾಡಲಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಆ ಹುಡುಗಿಗೆ ಫೋನ್ ಮಾಡಿ, ತಪ್ಪು ನಿನ್ನದಲ್ಲಮ್ಮ ಅಂತ ಹೇಳಿ. ನಿಜವಾಗಿಯೂ ಅಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಹಿರಿಯರ ಮೇಲ್‌ನ ಬಲಗಡೆ ಇರೋ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಅಂತ ಕೊಟ್ಟು ನೋಡಿ. 'ರಿಸೀವ್ಡ್' 'ಮೆಸೇಜ್-ಐಡಿ' ಅಂತ ಸಾಲುಸಾಲಾಗಿ ಇರೋದರ ನಡುವೆ ಎಲ್ಲೋ ಅವರ ಹೆಡರ್ ಸಿಗುತ್ತದೆ. ಊಟದ ಲೆಕ್ಕ ಕೇಳೋರು ಯಾರಾದರೂ ಅಲ್ಲಿವರೆಗೆ ಹೋಗ್ತಾರಾ? ಜೇಬಿನಲ್ಲಿ ಚೀಟಿ ಇಟ್ಟುಕೊಂಡು, ಓದಲಿಲ್ಲ ಅಂತ ಎದುರಿನವರನ್ನು ಬೈದ ಹಾಗಾಯಿತು.

ಆ ಹೆಡರ್‌ಗೆ ಅಧಿಕೃತ ಮಾನ್ಯತೆಯೂ ಇಲ್ಲ. 1990ರ ದಶಕದಲ್ಲಿ ಕರಡು ಬಂತು, ಸ್ಟ್ಯಾಂಡರ್ಡ್ ಆಗಲೇ ಇಲ್ಲ. ಮಟ್‌ನಂಥ ಕೆಲವು ಮೇಲ್ ತಂತ್ರಾಂಶಗಳು ಅದನ್ನು ಪಾಲಿಸುತ್ತವೆ, ಜಿಮೇಲ್ ಪಾಲಿಸಲ್ಲ. ಇನ್ನು ಮರ್ಯಾದೆ ಅನ್ನೋದೂ ಪಟ್ಟಿಯಿಂದ ಪಟ್ಟಿಗೆ ಬೇರೆ. ಡೆಬಿಯನ್ ಅನ್ನೋ ಮುಕ್ತ ತಂತ್ರಾಂಶ ಯೋಜನೆಯ ಪಟ್ಟಿಗಳಲ್ಲಿ, ಕೇಳದ ಹೊರತು ಬರೆದವರಿಗೆ ಸಿಸಿ ಹಾಕಬೇಡಿ ಅಂತ ನಿಯಮವೇ ಇದೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು (ಕರ್ನಲ್) ಬರೆಯೋರ ಪಟ್ಟಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ, ಎಲ್ಲರನ್ನೂ ಸೇರಿಸಿಯೇ ಉತ್ತರಿಸಬೇಕು. ನಿಮ್ಮ ಪಟ್ಟಿಯ ರೂಢಿ ಏನು ಅಂತ ನೀವು ಎಲ್ಲೂ ಬರೆದಿಟ್ಟಿಲ್ಲ ಅನಿಸುತ್ತೆ. ಸ್ವಾಗತದ ಮೇಲ್‌ನಲ್ಲೇ ಎರಡು ಸಾಲು ಸೇರಿಸಿಬಿಡಿ.

ಹಿರಿಯರ ತೊಂದರೆ ಸುಳ್ಳಲ್ಲ. ಒಂದೇ ಪತ್ರ ಎರಡೆರಡು ಸಲ ಬಂದರೆ ಯಾರಿಗಾದರೂ ಕಿರಿಕಿರಿ. ಮೇಲ್‌ಮ್ಯಾನ್‌ನಲ್ಲಿ ಇದಕ್ಕೆ ದಾರಿ ಇದೆ: ಪ್ರತಿ ಸದಸ್ಯರ ಪುಟದಲ್ಲೂ ನಕಲು ಪ್ರತಿ ತಡೆಯೋ ಆಯ್ಕೆ ಇರುತ್ತೆ, ಅದನ್ನು ಆನ್ ಮಾಡಿದರೆ 'ಟು' ಅಥವಾ 'ಸಿಸಿ'ಯಲ್ಲಿ ಅವರ ವಿಳಾಸ ಇದ್ದಾಗ ಪಟ್ಟಿ ಇನ್ನೊಂದು ಪ್ರತಿ ಕಳಿಸಲ್ಲ. ಆದರೆ ಆಗ ಉಳಿಯೋದು ನೇರವಾಗಿ ಬಂದ ಪ್ರತಿ, ಅದರಲ್ಲಿ ಮೇಲ್ ಯಾವ ಪಟ್ಟಿಯಿಂದ ಬಂತು ಅಂತ ಗುರುತಿಸೋ 'ಲಿಸ್ಟ್-ಐಡಿ' ಹೆಡರ್ ಇರಲ್ಲ. ಲಿಸ್ಟ್-ಐಡಿ ನೋಡಿ ಪತ್ರಗಳನ್ನು ಬೇರೆ ಫೋಲ್ಡರಿಗೆ ಹಾಕಿಕೊಳ್ಳೋರು ಅದಕ್ಕೇ ಈ ಆಯ್ಕೆ ಬೇಡ ಅಂತಾರೆ. ನಿಮ್ಮ ಹಿರಿಯರದ್ದೂ ಇದೇ ಕಾರಣ ಇರಬಹುದು, ಫೋನ್‌ನಲ್ಲಿ ಕೇಳಿ, ಪಟ್ಟಿಯಲ್ಲಿ ಕೇಳಬೇಡಿ. ಹಾಗಿದ್ದರೆ ಮೇಲ್‌ನ ಕೊನೆಯಲ್ಲಿ ಸಹಿ ಕೆಳಗೆ, "ದಯವಿಟ್ಟು ಪಟ್ಟಿಗೆ ಮಾತ್ರ ಉತ್ತರಿಸಿ" ಅಂತ ಕನ್ನಡದಲ್ಲಿ ಬರೆಯಲಿ. ಅದು ಎಲ್ಲರಿಗೂ ಕಾಣುತ್ತದೆ.

'ರಿಪ್ಲೈ-ಟು' ಮಾತ್ರ ಮುಟ್ಟಬೇಡಿ, ಇದನ್ನು ಒತ್ತಿ ಹೇಳ್ತಿದ್ದೀನಿ. ಅದು 1982ರ ಆರ್‌ಎಫ್‌ಸಿ 822 (ಇಮೇಲ್ ಹೇಗಿರಬೇಕು ಅಂತ ಹೇಳೋ ಇಂಟರ್ನೆಟ್ ದಾಖಲೆ) ಕಾಲದಿಂದಲೂ ಇರೋ ಹೆಡರ್. ಈಗಿನ ಆರ್‌ಎಫ್‌ಸಿ 5322ರ ಪ್ರಕಾರವೂ ಉತ್ತರ ಎಲ್ಲಿಗೆ ಬರಲಿ ಅಂತ ಸೂಚಿಸೋದು ಪತ್ರ ಬರೆದವರು. ಅದನ್ನು ಪಟ್ಟಿ ಬದಲಾಯಿಸಿದರೆ ಬರೆದವರ ಇಷ್ಟ ಅಳಿಸಿಹೋಗುತ್ತೆ. ಅದಕ್ಕಿಂತ ಕೆಟ್ಟದ್ದೂ ಆಗುತ್ತೆ: ಯಾರೋ ಸ್ನೇಹಿತನಿಗೆ ಅಂತ ಸಾಲದ ವಿಷಯವೋ ಮಗಳ ಸಂಬಂಧದ ವಿಷಯವೋ ಬರೆದು, ಯೋಚಿಸದೆ 'ರಿಪ್ಲೈ' ಒತ್ತಿದರೆ ಅದು ಇಡೀ ಪಟ್ಟಿಗೆ ಹೋಗುತ್ತೆ, ವಾಪಸ್ ತಗೊಳ್ಳೋಕೆ ಆಗಲ್ಲ. ಎರಡು ಪ್ರತಿ ಬಂದರೆ ಒಂದನ್ನು ಅಳಿಸಬಹುದು, ಅಲ್ವಾ? ಹೆಚ್ಚಿನ ಪಟ್ಟಿಗಳಲ್ಲಿ ಉತ್ತರ, ಮೂಲ ಪತ್ರ ಬರೆದವರಿಗೇ ಹೋಗೋ ಹಾಗೆ ಬಿಡಿ ಅಂತ ಮೇಲ್‌ಮ್ಯಾನ್‌ನ ಸೆಟ್ಟಿಂಗ್ ಪುಟವೇ ಹೇಳುತ್ತದೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬರ ಮೇಲ್ ತೆರೆದಾಗಲೆಲ್ಲ, ಓದಿದ್ದಕ್ಕೆ ರಸೀದಿ ಕಳಿಸಬೇಕಾ ಅಂತ ಕೇಳುತ್ತೆ. ಬೇಡ ಅಂದರೆ ಅಗೌರವವಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಖಂಡಿತ ಅಲ್ಲ. ಕಳಿಸೋದು ಬಿಡೋದು ಓದೋರ ಇಷ್ಟ ಅಂತಲೇ ಆ ವ್ಯವಸ್ಥೆ ಮಾಡಿರೋದು. ಇಬ್ಬರ ನಡುವಿನ ಕಚೇರಿ ಪತ್ರಕ್ಕೆ ರಸೀದಿ ಕೇಳಿದರೆ ಸರಿ. ಇಡೀ ಗುಂಪನ್ನು ಕೇಳೋದು ಸರಿಯಲ್ಲ. ನಿಶ್ಚಿಂತೆಯಿಂದ 'ನೋ' ಒತ್ತಿ, ಬರೆದದ್ದಕ್ಕೆ ಉತ್ತರ ಬೇಕಿದ್ದರೆ ಉತ್ತರ ಕೊಡಿ.